ಬೆಳಗಾಗುವವರೆಗೆ ಆಟ

ಅಮೆರಿಕದ ನಡುನಾಡಿನ ಒಂದು ಪಟ್ಟಣದಲ್ಲಿರುವ ಗೆಳೆಯನೊಬ್ಬ ಫೋನ್ ಮಾಡಿದಾಗಲೆಲ್ಲ ಅಲ್ಲಿನ ಶುಕ್ರವಾರದ ಸಂಜೆಗಳ ಬಗ್ಗೆ ಹೇಳುತ್ತಿರುತ್ತಾನೆ. ಯಾವ ಬೀದಿಯಲ್ಲಿ ಯಾರ ಬ್ಯಾಂಡು, ಯಾವ ಬಾರಿನಲ್ಲಿ ಯಾರ ಗಿಟಾರು, ಎಷ್ಟು ಗಂಟೆಯವರೆಗೆ... ಮೊನ್ನೆ ಸುಮ್ಮನೆ ಕಾಲೆಳೆಯಲು ಕೇಳಿದ: "ನಿಮ್ಮ ಪುತ್ತೂರು, ಸುಳ್ಯದ ಕಡೆ ನೈಟ್ ಲೈಫ್ ಅಂತ ಏನಾದ್ರೂ ಇತ್ತೇನಯ್ಯಾ?"

ನಗು ಬಂತು. ಯಾಕೆಂದರೆ ಅವರ ಊರಿನ ಹಾಡು ರಾತ್ರಿ ಎರಡು ಗಂಟೆಗೆ ಮುಗಿಯುತ್ತದಂತೆ. ನಮ್ಮ ಕಡೆ ಎರಡು ಗಂಟೆಗೆ ಇನ್ನೂ ಮಹಿಷಾಸುರನ ಗದ್ದಲವೇ ಮುಗಿದಿರುತ್ತಿರಲಿಲ್ಲ!

ಹಾಗೆ ನಗುತ್ತಾ ಫೋನ್ ಇಟ್ಟೆ. ಆಮೇಲೆ ಯೋಚಿಸುತ್ತಾ ಹೋದಂತೆ ನಗು ಸ್ವಲ್ಪ ಕಡಿಮೆಯಾಯಿತು. ಆ ರಾತ್ರಿಗಳ ಕತೆಯನ್ನು ಒಮ್ಮೆ ಸಾಲಾಗಿ ಬರೆದಿಡೋಣ ಅನ್ನಿಸಿತು. ಕರಾವಳಿಯವರಿಗೆ ಇದರಲ್ಲಿ ಗೊತ್ತಿದ್ದದ್ದೇ ಹೆಚ್ಚು. ಘಟ್ಟದ ಮೇಲಿನ ಬ್ಲಾಗಿಗರು ಸ್ವಲ್ಪ ತಾಳ್ಮೆಯಿಂದ ಓದಿ.

ನಮ್ಮಲ್ಲಿ ಯಕ್ಷಗಾನಕ್ಕೆ "ಆಟ" ಅಂತಲೇ ಹೆಸರು. "ಇವತ್ತು ಆಟ ಉಂಟು" ಅಂದರೆ ಮತ್ತೇನೂ ಕೇಳಬೇಕಾಗಿಲ್ಲ. ದೀಪಾವಳಿ ಕಳೆದು ಮೇಳಗಳು ಗೆಜ್ಜೆ ಕಟ್ಟಿದರೆ ಮೇ ತಿಂಗಳ ಕೊನೆಯ ಪತ್ತನಾಜೆಯವರೆಗೆ ತಿರುಗಾಟ. ತುಳು ತಿಂಗಳು ಬೇಷದ ಹತ್ತನೆಯ ದಿನ ಪತ್ತನಾಜೆ. ಅಂದಿಗೆ ಗೆಜ್ಜೆ ಬಿಚ್ಚಿ ಒಳಗಿಟ್ಟರೆ ಮಳೆಗಾಲವಿಡೀ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ, ಮನೆಯ ಚಾವಡಿಯಲ್ಲೋ ದೇವಸ್ಥಾನದ ಒಳಾಂಗಣದಲ್ಲೋ ಕೂತು ಪದ್ಯ ಮತ್ತು ಮಾತು. ಮಳೆಯ ಸದ್ದಿಗೆ ಮದ್ದಳೆಯ ಸದ್ದು ಸೇರಿಕೊಳ್ಳುತ್ತಿತ್ತು. ಇದರ ಜೊತೆ ಭೂತದ ನೇಮ, ಜಾತ್ರೆ, ಪುತ್ತೂರು ಮಹಾಲಿಂಗೇಶ್ವರ ದೇವರ ಏಪ್ರಿಲ್ ತಿಂಗಳ ಉತ್ಸವ. ಲೆಕ್ಕ ಹಾಕಿದರೆ ವರ್ಷದಲ್ಲಿ ನಿದ್ದೆ ಬಿಡಲು ನಮಗೆ ಸಿಗುತ್ತಿದ್ದ ಕಾರಣಗಳು ಯಾವ ಪೇಟೆಯವರಿಗೂ ಕಡಿಮೆಯಿರಲಿಲ್ಲ.

ಆಟ ರಾತ್ರಿಯಿಡೀ ಯಾಕೆ? "ಹಿಂದಿನಿಂದ ಹಾಗೇ" ಅನ್ನುವುದು ಸುಲಭದ ಉತ್ತರ. ಆದರೆ ನಮ್ಮ ಊರುಗಳನ್ನು ನೋಡಿದರೆ ಬೇರೆ ಕಾರಣಗಳೂ ಕಾಣುತ್ತವೆ. ಇಲ್ಲಿ ಮನೆಯಿಂದ ಮನೆಗೆ ಒಂದು ಗುಡ್ಡ, ಒಂದು ತೋಟ, ಒಂದು ತೋಡು. ಹಗಲು ಗದ್ದೆ, ಅಡಿಕೆ, ದನ ಕರು. ಕೆಲಸ ಮುಗಿಸಿ, ಮಿಂದು, ಉಂಡು, ಮೂರು ನಾಲ್ಕು ಮೈಲಿ ನಡೆದು ಬಂದವರನ್ನು ಹನ್ನೊಂದು ಗಂಟೆಗೆ "ಆಟ ಮುಗಿಯಿತು, ಮನೆಗೆ ಹೋಗಿ" ಅಂದರೆ ಅವರು ಹೋಗುವುದಾದರೂ ಹೇಗೆ? ಕತ್ತಲಲ್ಲಿ ಸಂಕ ದಾಟಬೇಕು, ಹಾವು ಹುಪ್ಪಟೆ ನೋಡಬೇಕು. ಬರುವಾಗ ತೆಂಗಿನ ಒಣಗರಿಯ ಸೂಟೆ ಉರಿಸಿಕೊಂಡು ಬಂದವರಿಗೆ ಹೋಗುವಾಗ ಸೂರ್ಯನೇ ದೀಪ. ಬೆಳಗಿನವರೆಗಿನ ಆಟ ಭಕ್ತಿಗೆ ಎಷ್ಟು ಬೇಕಿತ್ತೋ ದಾರಿಗೂ ಅಷ್ಟೇ ಬೇಕಿತ್ತು ಅಂತ ನನ್ನ ಅಂದಾಜು.

ಆಟದ ಗದ್ದೆಯಲ್ಲಿ ಸಂಜೆಗೇ ಚೆಂಡೆ ಮದ್ದಳೆ ಬಾರಿಸಿ "ಕೇಳಿ" ಹೊಡೆಯುತ್ತಿದ್ದರು. ಕರಪತ್ರ, ಮೈಕು ಏನೂ ಇಲ್ಲದ ಕಾಲದಲ್ಲಿ ಅದೇ ಜಾಹೀರಾತು. ಗುಡ್ಡದಾಚೆಗೆ ಕೇಳಿಸಿದರೆ ಸಾಕು, ಮನೆಗಳಲ್ಲಿ ಅಡಿಗೆ ಬೇಗ ಆಗುತ್ತಿತ್ತು. ಕೊಯಿಲು ಮುಗಿದ ಗದ್ದೆಯಲ್ಲಿ ನಾಲ್ಕು ಕಂಬ ನೆಟ್ಟರೆ ರಂಗಸ್ಥಳ, ಸ್ವಲ್ಪ ದೂರದಲ್ಲಿ ಮಡಲು ಕಟ್ಟಿದರೆ ಚೌಕಿ. ಮೊದಲು ದೊಂದಿಯ ಬೆಳಕು, ಆಮೇಲೆ ಗ್ಯಾಸ್ ಲೈಟು, ಆಮೇಲೆ ಟ್ಯೂಬ್ ಲೈಟು. ಸುತ್ತ ಚರುಮುರಿ, ಗೋಳಿಬಜೆ, ಸೋಡಾ, ಕಡಲೆ. ಸ್ವಲ್ಪ ಕತ್ತಲಿರುವ ಕಡೆ ಜುಗಾರಿಯೂ ಇತ್ತು, ಸುಳ್ಳು ಯಾಕೆ ಹೇಳಬೇಕು. ಹೆಂಗಸರು ಮಕ್ಕಳು ಚಾಪೆ ತಂದು ಮುಂದೆ ಕೂರುವುದು. ಮನೆಯ ಹೊಸಿಲು ದಾಟಿ ಒಂದಿಡೀ ರಾತ್ರಿ ಹೊರಗೆ ಕಳೆಯಲು ಆಗಿನ ಹೆಂಗಸರಿಗೆ ಯಾರನ್ನೂ ಹೆಚ್ಚು ಕೇಳಬೇಕಾಗದಿದ್ದ ನೆವ ಅದೊಂದೇ ಇರಬೇಕು. ನನ್ನ ಅಜ್ಜಿ ಓದಿದವರಲ್ಲ. ಮಹಾಭಾರತದಲ್ಲಿ ಯಾರು ಯಾರಿಗೆ ಏನಾಗಬೇಕು ಅನ್ನುವುದನ್ನು ಚಾಪೆಯಲ್ಲಿ ಕೂತೇ ಕಲಿತದ್ದು.

ಈ ರಾತ್ರಿಗೆ ಅದರದ್ದೇ ಒಂದು ಗಡಿಯಾರ ಇತ್ತು. ಅದು ಮುಖ್ಯ, ಮುಂದೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ. ಮೊದಲು ಪೂರ್ವರಂಗ. ಕೋಡಂಗಿ, ಬಾಲಗೋಪಾಲರು, ಸ್ತ್ರೀವೇಷ, ಕಟ್ಟುಹಾಸ್ಯ. ಇದಕ್ಕೆ ಹಾಡುವವರು "ಸಂಗೀತ"ದವರು, ಅಂದರೆ ಇನ್ನೂ ಕಲಿಯುತ್ತಿರುವ ಕಿರಿಯ ಭಾಗವತರು. ನಂತರ ಪ್ರಸಂಗ ಶುರುವಾದಾಗ ಎರಡನೆಯ ಭಾಗವತರು. ನಡುರಾತ್ರಿ ಕಳೆದ ಮೇಲೆ ಮುಖ್ಯ ಭಾಗವತರು ಜಾಗಟೆ ಹಿಡಿದು ಕೂತರೆ ಬೆಳಗಿನ ಮಂಗಳದವರೆಗೆ ಅವರದ್ದೇ ಆಡಳಿತ. ವೇಷಗಳಿಗೂ ಹೊತ್ತು ಗೊತ್ತಿತ್ತು. ದೇವಿಮಹಾತ್ಮೆಯ ಮಹಿಷಾಸುರ ರಾತ್ರಿ ಗಾಢವಾದ ಮೇಲೆ ದೊಂದಿಯ ಬೆಳಕಿನಲ್ಲಿ ಜನರ ನಡುವಿನಿಂದಲೇ ಬೊಬ್ಬೆ ಹಾಕುತ್ತಾ ಬರಬೇಕು. ಮಲಗಿದ್ದ ಮಕ್ಕಳೆಲ್ಲ ಎದ್ದು ಕಿರುಚಬೇಕು. ರಕ್ತಬೀಜನ ಹೊತ್ತಿಗೆ ಮೂಡಣ ಬೆಳ್ಳಗಾಗುತ್ತಿರಬೇಕು.

ಮೇಳದ ಕಲಾವಿದರ ಹೆಸರಿನ ಮುಂದೆ ಊರಿನ ಹೆಸರು ಸೇರುವುದು ನಮ್ಮ ಕಡೆಯ ಪದ್ಧತಿ. ಹಾಗಾಗಿ ನಮ್ಮ ಸಣ್ಣ ಊರುಗಳು ರಾತ್ರಿಯ ಮೈಕಿನಲ್ಲಿ ಜಿಲ್ಲೆಯಿಡೀ ತಿರುಗಿದವು. ಪುತ್ತೂರು ನಾರಾಯಣ ಹೆಗ್ಡೆ, ಪುಂಡುವೇಷದಲ್ಲಿ ದಿಗಿಣ ಹಾರುವುದಕ್ಕೇ ಹೆಸರಾಗಿ 2021ರಲ್ಲಿ ತೀರಿಕೊಂಡ ಪುತ್ತೂರು ಶ್ರೀಧರ ಭಂಡಾರಿ, ಮದ್ದಳೆಯ ಕಡಬ ನಾರಾಯಣ ಆಚಾರ್ಯ. ಕಡಬ ಪ್ರತ್ಯೇಕ ತಾಲೂಕಾದದ್ದು ಈಚೆಗೆ. ಆದರೆ ಆಟದವರ ಪಟ್ಟಿಯಲ್ಲಿ ಅದು ಎಷ್ಟೋ ಮೊದಲೇ ಸ್ವತಂತ್ರವಾಗಿತ್ತು!

ಕಳೆದ ಶತಮಾನದ ನಡುವಿನಲ್ಲಿ ಈ ರಾತ್ರಿಗೆ ಟಿಕೆಟು ಬಂತು. ಡೇರೆ ಮೇಳಗಳ ಕಾಲ ಅದು. ಹಗಲು ಜೀಪಿನಲ್ಲಿ ಮೈಕು ಕಟ್ಟಿ ಪ್ರಚಾರ, ಹಿಂದೆ ಓಡುವ ಮಕ್ಕಳಿಗೆ ಬಣ್ಣ ಬಣ್ಣದ ನೋಟೀಸು. ನೆಲ, ಕುರ್ಚಿ, ಆರಾಮ ಕುರ್ಚಿ ಅಂತ ತರಗತಿಗಳು. ಧರ್ಮಸ್ಥಳ ಮೇಳದಲ್ಲಿ ಕಡತೋಕಾ ಮಂಜುನಾಥ ಭಾಗವತರು, ಕರ್ನಾಟಕ ಮೇಳದಲ್ಲಿ ದಾಮೋದರ ಮಂಡೆಚ್ಚರು, ಸುರತ್ಕಲ್ ಮೇಳದಲ್ಲಿ ಅಗರಿ ರಘುರಾಮ ಭಾಗವತರು. ಯಾವ ಮೇಳ, ಯಾವ ಭಾಗವತರು ಅಂತ ಹೋಟೆಲಿನ ಬೆಂಚಿನಲ್ಲಿ ಪಕ್ಷ ಕಟ್ಟಿಕೊಂಡು ಜಗಳ. ಕರ್ನಾಟಕ ಮೇಳದಂಥವು ತುಳು ಪ್ರಸಂಗಗಳನ್ನು ಆಡಿದಾಗ ಡೇರೆ ತುಂಬಿ ಹೊರಗೂ ಜನ. ಪುರಾಣ ಗೊತ್ತಿಲ್ಲದವರೂ ಮನೆಮಾತಿನಲ್ಲಿ ನಕ್ಕು ಅತ್ತು ಮನೆಗೆ ಹೋದರು. ಟಿವಿ, ವಿಡಿಯೋ ಬಂದ ಮೇಲೆ ಡೇರೆಗಳು ಒಂದೊಂದಾಗಿ ಮಡಚಿಕೊಂಡವು.

ಆದರೆ ರಾತ್ರಿ ಸಾಯಲಿಲ್ಲ. ಹರಕೆ ಆಟಗಳು ಅದನ್ನು ಕಾಪಾಡಿದವು. ಮಗುವಿಗೆ ಹುಷಾರಾದರೆ, ಮನೆ ಕಟ್ಟಿದರೆ, ಮದುವೆ ಕೂಡಿಬಂದರೆ ಕಟೀಲು ಅಮ್ಮನ ಹೆಸರಿನಲ್ಲಿ ಒಂದು ಆಟ. ಟಿಕೆಟಿಲ್ಲ, ಊರಿಗೆಲ್ಲ ಊಟ. ಒಂದು ಮೇಳ ಸಾಲದೆ ಕಟೀಲಿನಿಂದ ಹಲವು ಮೇಳಗಳು ಹೊರಡುವಂತಾಯಿತು. ಹಾಗಿದ್ದರೂ ಹರಕೆ ಹೇಳಿಕೊಂಡವರು ವರ್ಷಗಟ್ಟಲೆ ಸರದಿ ಕಾಯಬೇಕು.

ಈಗ ಕಾನೂನಿನ ವಿಷಯಕ್ಕೆ ಬರೋಣ. 2000ದಲ್ಲಿ ಕೇಂದ್ರ ಸರಕಾರ ಶಬ್ದಮಾಲಿನ್ಯ ನಿಯಮ ತಂದಿತು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದು. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ಹಬ್ಬ ಹರಿದಿನಗಳಿಗೆ ವರ್ಷದಲ್ಲಿ 15 ದಿನ ಮೀರದಂತೆ ನಡುರಾತ್ರಿ 12ರವರೆಗೆ ರಾಜ್ಯ ಸರಕಾರ ಸಡಿಲಿಸಬಹುದು. 2005ರಲ್ಲಿ ಸುಪ್ರೀಂ ಕೋರ್ಟ್ ಕೂಡ ಈ ಹತ್ತು ಗಂಟೆಯ ಗೆರೆಯನ್ನು ಗಟ್ಟಿ ಮಾಡಿತು. ಮೊದಲಿಗೆ ನಿಯಮದಲ್ಲಿದ್ದದ್ದು ಮೈಕು ಮಾತ್ರ. 2010ರ ತಿದ್ದುಪಡಿಯಲ್ಲಿ ಸಂಗೀತದ ವಾದ್ಯಗಳೂ ಸೇರಿಕೊಂಡವು. ಅಂದರೆ ಮೈಕು ತೆಗೆದಿಟ್ಟು ಬರೀ ಚೆಂಡೆಯಲ್ಲಿ ಆಡುತ್ತೇವೆ ಅನ್ನುವ ದಾರಿಯೂ ಕಾಗದದ ಮೇಲೆ ಮುಚ್ಚಿತು. ನಾಲ್ಕು ಗೋಡೆಯ ಸಭಾಂಗಣದೊಳಗೆ ಆದರೆ ಸರಿ. ಬಯಲಾಟಕ್ಕೆ ಗೋಡೆ ಕಟ್ಟಿದರೆ ಅದನ್ನು ಏನೆಂದು ಕರೆಯುವುದು?

ಮೇಳಗಳೂ ಕಾಲ ನೋಡಿ ಬದಲಾದವು. ಕಳೆದ ದಶಕದಲ್ಲಿ ಧರ್ಮಸ್ಥಳ ಮೇಳ ಕಾಲಮಿತಿಗೆ ಬಂತು. ನಮ್ಮ ಪುತ್ತೂರು ತಾಲೂಕಿನದ್ದೇ ಆದ ಈಶ್ವರಮಂಗಲದ ಹನುಮಗಿರಿ ಮೇಳವೂ ಕಾಲಮಿತಿಯದ್ದು. 2022ರ ನವೆಂಬರಿನ ತಿರುಗಾಟದಲ್ಲಿ ಕಟೀಲು ಮೇಳಗಳಿಗೂ ಕಾಲಮಿತಿ ಅಂದಾಗ ಮಾತ್ರ ಜನ ಎದ್ದು ನಿಂತರು. ಪಾದಯಾತ್ರೆ ನಡೆಯಿತು, ವಿಷಯ ಹೈಕೋರ್ಟಿಗೂ ಹೋಯಿತು. ಕೊನೆಗೆ ಶಬ್ದದ ನಿಯಮ ಪಾಲಿಸಬೇಕೆಂಬ ಕಟ್ಟಳೆಯೊಂದಿಗೆ 2023ರ ಜನವರಿ ನಡುವಿನಿಂದ ಮತ್ತೆ ಬೆಳಗಿನವರೆಗೆ ಆಟ. ಕಟೀಲು ಮೇಳದಲ್ಲಿ ದಶಕಗಳ ಕಾಲ ಬೆಳಗಿನ ಜಾವವನ್ನು ಹಾಡಿ ತೋರಿಸಿದ ಬಲಿಪ ನಾರಾಯಣ ಭಾಗವತರು ಮರುತಿಂಗಳೇ, ಫೆಬ್ರವರಿ 16ರಂದು ತೀರಿಕೊಂಡರು.

ಇಷ್ಟು ಹೇಳಿ "ಅಯ್ಯೋ ಆ ಕಾಲ ಹೋಯಿತು" ಅಂತ ಮುಗಿಸಬಹುದು. ಆದರೆ ಅದು ಪ್ರಾಮಾಣಿಕ ಅಲ್ಲ. ನಾನೇ ಕೊನೆಯದಾಗಿ ಬೆಳಗಿನವರೆಗೆ ಕೂತದ್ದು ಯಾವಾಗ ಅಂತ ಕೇಳಿದರೆ ತಲೆ ತಗ್ಗಿಸಬೇಕು. ಆಟದ ಗದ್ದೆಯ ಪಕ್ಕದ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದರೆ, ಮರುದಿನ ಪರೀಕ್ಷೆಗೆ ಹೋಗುವ ಮಗು ಇದ್ದರೆ ಅವರಿಗೆ ಆ ದೊಡ್ಡ ದೊಡ್ಡ ಬಾಕ್ಸುಗಳ ಸದ್ದು ಕಲೆಯೂ ಅಲ್ಲ ಭಕ್ತಿಯೂ ಅಲ್ಲ. ಕಲಾವಿದರ ಆರೋಗ್ಯವೂ ಇದೆ. ಆರು ತಿಂಗಳು ರಾತ್ರಿಯೆಲ್ಲ ಕುಣಿದು, ಹಗಲು ಯಾವುದೋ ಊರಿನ ಶಾಲೆಯ ಜಗಲಿಯಲ್ಲಿ ಅರೆನಿದ್ದೆ ಮಾಡಿ, ಸಂಜೆ ಮತ್ತೆ ಬಣ್ಣ. ನಡುರಾತ್ರಿಗೆ ಮುಗಿಯುವ ಆಟ ಅವರಿಗೆ ಮನೆಯನ್ನೂ ನಿದ್ದೆಯನ್ನೂ ಕೊಟ್ಟಿದೆ.

ಆಟವನ್ನು ಚಿಕ್ಕದು ಮಾಡುವ ಯೋಚನೆಯೂ ಹೊಸದಲ್ಲ. ಪುತ್ತೂರಿನ ಬಾಲವನದಲ್ಲಿ ಬಹುಕಾಲ ಇದ್ದ ಶಿವರಾಮ ಕಾರಂತರೇ ಆ ಕೆಲಸ ಮಾಡಿದರು. 1959ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅವರಿಗೆ ಬಂದದ್ದು ಕಾದಂಬರಿಗಲ್ಲ, "ಯಕ್ಷಗಾನ ಬಯಲಾಟ" ಎಂಬ ಪುಸ್ತಕಕ್ಕೆ. ಅಷ್ಟು ಆಳವಾಗಿ ಬಯಲಾಟವನ್ನು ಅಭ್ಯಾಸ ಮಾಡಿದ ಅವರೇ ಮುಂದೆ ಮಾತು ಕಡಿಮೆ ಮಾಡಿ, ಪಿಟೀಲು, ಸ್ಯಾಕ್ಸೊಫೋನ್ ಸೇರಿಸಿ ಯಕ್ಷಗಾನ ಬ್ಯಾಲೆ ಕಟ್ಟಿದರು. ಆಗಲೂ ಜನ ಬೈದರು. ಹಾಗಾಗಿ ಗಂಟೆ ಕಡಿಮೆಯಾಯಿತು ಅನ್ನುವುದೊಂದೇ ನನ್ನ ಚಿಂತೆಯಲ್ಲ.

ಚಿಂತೆ ಬೇರೆ. ಹತ್ತು ಗಂಟೆಯ ಆಟವನ್ನು ಐದು ಗಂಟೆಗೆ ಇಳಿಸುವಾಗ ಕತ್ತರಿ ಮೊದಲು ಬೀಳುವುದು ಎಲ್ಲಿಗೆ? ಆಗಲೇ ಹೇಳಿದ ಆ ಗಡಿಯಾರ ನೆನಪಿಸಿಕೊಳ್ಳಿ. ಪೂರ್ವರಂಗಕ್ಕೆ. ಮಹಿಷಾಸುರನನ್ನು ತೆಗೆಯಲಾಗುವುದಿಲ್ಲ, ಮುಖ್ಯ ಭಾಗವತರನ್ನು ತೆಗೆಯಲಾಗುವುದಿಲ್ಲ. ಕೋಡಂಗಿಯನ್ನು ತೆಗೆದರೆ ಯಾರೂ ಕೇಳುವುದಿಲ್ಲ. ಅದನ್ನು ನೋಡಲು ಯಾರೂ ಬಂದಿರುವುದೂ ಇಲ್ಲ!

ಆದರೆ ಮೇಳ ಸೇರಿದ ಹುಡುಗ ಮೊದಲು ಹಾಕುತ್ತಿದ್ದ ವೇಷವೇ ಕೋಡಂಗಿ. ಆಮೇಲೆ ಬಾಲಗೋಪಾಲ, ಆಮೇಲೆ ಸಣ್ಣಪುಟ್ಟ ವೇಷ, ಆಮೇಲೆ ಪುಂಡುವೇಷ, ಎಷ್ಟೋ ವರ್ಷಗಳ ಮೇಲೆ ಕಿರೀಟ. ಜನ ಇನ್ನೂ ಬಂದು ಕೂರುತ್ತಿರುವ, ಯಾರೂ ಸರಿಯಾಗಿ ನೋಡದಿರುವ ಆ ಹೊತ್ತಿನಲ್ಲಿ ತಾಳ ತಪ್ಪಬಹುದಿತ್ತು, ಬೀಳಬಹುದಿತ್ತು, ನಾಳೆ ರಾತ್ರಿ ತಿದ್ದಿಕೊಳ್ಳಬಹುದಿತ್ತು. "ಸಂಗೀತ"ದ ಹುಡುಗನೂ ಹಾಗೆಯೇ ನೂರಾರು ರಾತ್ರಿ ಖಾಲಿ ಗದ್ದೆಗೆ ಹಾಡಿ ಹಾಡಿ ಭಾಗವತನಾದದ್ದು. ಪೂರ್ವರಂಗ ನಮಗೆ ಬೇಸರದ ಹೊತ್ತು. ಅವರಿಗೆ ಅದು ಶಾಲೆ.

ಇವತ್ತು ತರಬೇತಿ ಕೇಂದ್ರಗಳಿವೆ, ಒಳ್ಳೆಯ ಗುರುಗಳಿದ್ದಾರೆ. ಹೆಣ್ಣುಮಕ್ಕಳೂ ಕಲಿಯುತ್ತಿದ್ದಾರೆ, ಡೇರೆಯ ಕಾಲದಲ್ಲಿ ಅಷ್ಟು ಸುಲಭವಿರಲಿಲ್ಲ. ಸಂತೋಷವೇ. ಆದರೆ ಈಜು ಕಲಿಯಲು ಕೊನೆಗೆ ಕೆರೆಗೇ ಇಳಿಯಬೇಕಲ್ಲ? ತಪ್ಪಲು ಜಾಗವಿಲ್ಲದ ರಂಗಸ್ಥಳದಲ್ಲಿ ಹೊಸಬ ಹೇಗೆ ಹಳಬನಾಗುತ್ತಾನೆ ಅನ್ನುವುದೇ ನನ್ನ ಪ್ರಶ್ನೆ.

ಕಾಲಮಿತಿ ಇರಲಿ. ಸಂಜೆ ಬೇಗ ಶುರು ಮಾಡಲಿ, ಬಾಕ್ಸಿನ ಸದ್ದು ಇಳಿಸಲಿ, ಆಟ ಆಡಿಸುವವರು ಸನ್ಮಾನ ಮತ್ತು ಭಾಷಣಗಳಿಂದ ಒಂದು ಅರ್ಧ ಗಂಟೆ ಉಳಿಸಿ ಕೋಡಂಗಿಗೆ ಕೊಡಲಿ. ನಾವೂ ಎಂಟು ಗಂಟೆಗೆ ಹೋಗುವ ಬದಲು ಚೌಕಿಪೂಜೆಯ ಹೊತ್ತಿಗೇ ಹೋಗಿ ಕೂರೋಣ. ಹಿಂದೆಲ್ಲ ಯಾರೂ ನೋಡದೆಯೂ ಕೋಡಂಗಿ ಉಳಿದ, ಏಕೆಂದರೆ ರಾತ್ರಿ ಉದ್ದವಿತ್ತು. ಈಗ ರಾತ್ರಿ ಗಿಡ್ಡವಾಗಿದೆ, ಯಾರಾದರೂ ನೋಡಿದರೆ ಮಾತ್ರ ಅವನು ಉಳಿಯುತ್ತಾನೆ.

ಗೆಳೆಯನಿಗೆ ಉತ್ತರ ಇಷ್ಟೇ. ಇತ್ತು ಮಾರಾಯ, ನೈಟ್ ಲೈಫ್ ಇತ್ತು. ಈಗಲೂ ಇದೆ. ಮುಂದಿನ ಸಲ ಡಿಸೆಂಬರಿನಲ್ಲಿ ಬಾ, ಒಂದು ಚಾಪೆ ನಾನು ತರುತ್ತೇನೆ.

ನಿಮ್ಮ ಊರಿನ ಆಟದಲ್ಲಿ ಈಗ ಕೋಡಂಗಿ ಬರುತ್ತಾನಾ? ನೋಡಿದವರು ಬರೆಯಿರಿ.