ಕವಡೆಯ ನಾಡು ಮಾಲ್ದೀವ್ಸ್

'ಕವಡೆ ಕಾಸಿನ ಕಿಮ್ಮತ್ತಿಲ್ಲ' ಎಂಬ ಮಾತನ್ನು ನಾವೆಲ್ಲರೂ ಆಡುತ್ತೇವೆ. ಚೌಕಾಬಾರದಲ್ಲಿ ಕುಲುಕಿ ಎಸೆಯುವ ಆ ಪುಟ್ಟ ಬಿಳಿ ಕವಡೆ ಒಂದು ಕಾಲದಲ್ಲಿ ನಿಜವಾಗಿಯೂ ಹಣವಾಗಿತ್ತೆಂದು ತರಗತಿಯಲ್ಲಿ ಹೇಳಿದರೆ ಮಕ್ಕಳು ನಗುತ್ತಾರೆ. ಬಂಗಾಳದ ಸಂತೆಗಳಲ್ಲಿ ಅದು ಚಿಲ್ಲರೆ ಹಣವಾಗಿ ಚಲಾವಣೆಯಲ್ಲಿತ್ತು. ಸಾವಿರಾರು ಮೈಲಿ ಆಚೆಗಿನ ಪಶ್ಚಿಮ ಆಫ್ರಿಕಾದಲ್ಲೂ ಅದಕ್ಕೆ ಬೆಲೆಯಿತ್ತು. ಈ ಕವಡೆಯ ದೊಡ್ಡ ಗಣಿ ಎಂದರೆ ನಮ್ಮ ನೈರುತ್ಯಕ್ಕಿರುವ ಮಾಲ್ದೀವ್ಸ್ ದ್ವೀಪಗಳು.

ಹಿಂದೂ ಮಹಾಸಾಗರದಲ್ಲಿ ಉತ್ತರದಿಂದ ದಕ್ಷಿಣಕ್ಕೆ 800 ಕಿ.ಮೀ.ಗೂ ಹೆಚ್ಚು ಉದ್ದಕ್ಕೆ, ಮಣಿಸರ ಹರಿದು ಚೆಲ್ಲಿದಂತೆ ಈ ದೇಶ ಹರಡಿದೆ. ಸುಮಾರು 1,190 ಹವಳ ದ್ವೀಪಗಳಿದ್ದು, ಜನವಸತಿ ಇರುವುದು 200ಕ್ಕಿಂತ ಕಡಿಮೆ ದ್ವೀಪಗಳಲ್ಲಿ. ಎಲ್ಲ ನೆಲವನ್ನೂ ಒಟ್ಟುಗೂಡಿಸಿದರೆ ಸಿಗುವುದು ಸುಮಾರು 300 ಚದರ ಕಿ.ಮೀ. ಮಾತ್ರ, ನಮ್ಮ ಒಂದು ಸಣ್ಣ ತಾಲ್ಲೂಕಿನಷ್ಟೂ ಅಲ್ಲ. ಬೆಟ್ಟವಿಲ್ಲ, ನದಿಯಿಲ್ಲ. ಹೆಚ್ಚಿನ ಕಡೆ ನೆಲ ಸಮುದ್ರಮಟ್ಟದಿಂದ ಒಂದು ಮೀಟರಿನಷ್ಟೇ ಎತ್ತರ. ಉಂಗುರದಾಕಾರದ ಹವಳ ದ್ವೀಪಗಳ ಗುಂಪಿಗೆ ಭೂಗೋಳ ಪುಸ್ತಕಗಳಲ್ಲಿ 'ಅಟಾಲ್' ಎನ್ನುತ್ತಾರಲ್ಲವೇ? ಆ ಪದವನ್ನು ಜಗತ್ತಿಗೆ ಕೊಟ್ಟದ್ದೇ ಮಾಲ್ದೀವ್ಸ್ ಜನರ ದಿವೇಹಿ ಭಾಷೆ. ಅವರ ಮಾತಿನಲ್ಲಿ ಅದು 'ಅತೊಳು'.

ಇಲ್ಲಿನ ಜನ ಮೊದಲು ಬೌದ್ಧರಾಗಿದ್ದರು. ಕ್ರಿ.ಶ. 1153ರಲ್ಲಿ ಅರಸನು ಇಸ್ಲಾಂ ಸ್ವೀಕರಿಸಿದನೆಂದು ಅವರ ಇತಿಹಾಸ ಹೇಳುತ್ತದೆ. ಆತನಿಗೆ ಧರ್ಮಬೋಧೆ ಮಾಡಿದವರು ಮೊರಾಕ್ಕೋ ಕಡೆಯ ಅಬುಲ್ ಬರಕಾತ್ ಎಂದು ಇಬ್ನ್ ಬತೂತಾ ಬರೆದರೆ, ಇನ್ನೊಂದು ಪರಂಪರೆ ತಬ್ರೀಜಿನ ಯೂಸುಫ್ ಶಂಸುದ್ದೀನ್ ಎನ್ನುತ್ತದೆ. ಎರಡರಲ್ಲಿ ಯಾವುದು ಸರಿ ಎಂಬ ವಾದ ಇನ್ನೂ ಮುಗಿದಿಲ್ಲ. ಬಂದವರು ಸೈನ್ಯದೊಂದಿಗೆ ಬರಲಿಲ್ಲ, ವ್ಯಾಪಾರದ ಹಡಗಿನ ದಾರಿಯಲ್ಲಿ ಬಂದರು ಎಂಬುದೇ ನನಗೆ ಮುಖ್ಯವಾಗಿ ಕಾಣುತ್ತದೆ.

ಇಬ್ನ್ ಬತೂತಾರ ಪ್ರವಾಸ ಕಥನದಲ್ಲಿ ಮಾಲ್ದೀವ್ಸ್ ಜೊತೆ ನಮ್ಮ ಕರಾವಳಿಯೂ ಬರುತ್ತದೆ. ಅವರು ಹೊನ್ನಾವರದಲ್ಲಿ ತಂಗಿದ್ದರು. ಆ ಊರಿನಲ್ಲಿ ಹೆಣ್ಣುಮಕ್ಕಳಿಗಾಗಿ 13 ಮತ್ತು ಗಂಡುಮಕ್ಕಳಿಗಾಗಿ 23 ಶಾಲೆಗಳನ್ನು ಕಂಡದ್ದಾಗಿ ಬರೆದಿದ್ದಾರೆ. ಏಳು ಶತಮಾನಗಳ ಹಿಂದಿನ ಈ ಲೆಕ್ಕ ಓದಿದಾಗಲೆಲ್ಲ ನಾನು ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿ ಕೂರುವುದುಂಟು. ಮುಂದೆ ಕಲ್ಲಿಕೋಟೆಯಿಂದ ಹಡಗು ಹತ್ತಿ 1343ರಲ್ಲಿ ಮಾಲ್ದೀವ್ಸ್ ತಲುಪಿದರು. ಅರಬಿ ಬಲ್ಲ, ಶರೀಅತ್ ಓದಿದ ವಿದ್ವಾಂಸ ಸಿಕ್ಕಿದ್ದೇ ತಡ, ಅಲ್ಲಿನವರು ಅವರನ್ನು ಖಾಜಿಯಾಗಿ ಮಾಡಿಕೊಂಡರು.

ಆಗ ಸಿಂಹಾಸನದಲ್ಲಿ ಇದ್ದದ್ದು ಒಬ್ಬ ಮಹಿಳೆ, ಸುಲ್ತಾನಾ ಖದೀಜಾ. ಜುಮಾ ಖುತ್ಬಾದಲ್ಲಿ ಆಕೆಯ ಹೆಸರನ್ನೇ ಓದಲಾಗುತ್ತಿತ್ತು. ಹೊಸ ಖಾಜಿ ಬಲು ಕಟ್ಟುನಿಟ್ಟು. ನಮಾಜಿಗೆ ಬಾರದವರಿಗೆ ಶಿಕ್ಷೆ ಕೊಡಿಸಿದರು. ಆದರೆ ಅಲ್ಲಿನ ಹೆಂಗಸರ ಉಡುಪನ್ನು ಬದಲಿಸಲು ಹೋಗಿ ಸೋತೆ ಎಂದು ತಾವೇ ಪ್ರಾಮಾಣಿಕವಾಗಿ ಒಪ್ಪಿಕೊಂಡಿದ್ದಾರೆ. ಕೊನೆಗೆ ವಜೀರನೊಂದಿಗೆ ಮನಸ್ತಾಪವಾಗಿ 1344ರಲ್ಲಿ ದ್ವೀಪ ಬಿಟ್ಟರು.

ಕವಡೆಯ ವಿವರವನ್ನೂ ಅವರೇ ಕೊಟ್ಟಿದ್ದಾರೆ. ಸಮುದ್ರದಿಂದ ಜೀವಂತ ಹುಳುಗಳನ್ನು ತಂದು, ದಡದ ಗುಂಡಿಗಳಲ್ಲಿ ಹಾಕಿ, ಮಾಂಸ ಕೊಳೆತ ಮೇಲೆ ಬಿಳಿ ಚಿಪ್ಪನ್ನು ಆರಿಸುತ್ತಿದ್ದರು. ಮಾಲ್ದೀವ್ಸ್‌ನಲ್ಲಿ ಒಂದು ಚಿನ್ನದ ದೀನಾರಿಗೆ 4 ಲಕ್ಷ ಕವಡೆ. ಅದೇ ಕವಡೆ ಆಫ್ರಿಕಾದ ಮಾಲಿ ಸಾಮ್ರಾಜ್ಯದಲ್ಲಿ ದೀನಾರಿಗೆ 1,150ರಂತೆ ಮಾರಾಟವಾಗುವುದನ್ನು ಅವರು ನಂತರ ಕಂಡರು. ಬಂಗಾಳದ ವ್ಯಾಪಾರಿಗಳು ಅಕ್ಕಿ ಕೊಟ್ಟು ಕವಡೆ ಒಯ್ಯುತ್ತಿದ್ದರು. ಹಡಗು ಅಲುಗದಿರಲೆಂದು ತಳಕ್ಕೆ ಮರಳು ತುಂಬುವ ಬದಲು ಕವಡೆಯನ್ನೇ ತುಂಬುತ್ತಿದ್ದರಂತೆ! ತೆಂಗಿನ ನಾರಿನ ಹಗ್ಗಕ್ಕೂ ಅಷ್ಟೇ ಬೇಡಿಕೆ. ಮೊಳೆ ಬಳಸದೆ ಹಲಗೆಗಳನ್ನು ಹೊಲಿದು ಹಡಗು ಕಟ್ಟುತ್ತಿದ್ದ ಕಾಲವದು. ಅಕ್ಕಿ ಬೆಳೆಯದ ನಾಡು ಚಿಪ್ಪು, ಹಗ್ಗ ಮತ್ತು ಒಣಮೀನಿನಿಂದ ಅನ್ನ ಉಂಡಿತು.

ಇಂಥ ಸಂಪತ್ತಿನ ಮೇಲೆ ಹೊರಗಿನವರ ಕಣ್ಣು ಬೀಳದೆ ಇರುತ್ತದೆಯೇ? 1558ರಲ್ಲಿ ಪೋರ್ಚುಗೀಸರು ಮಾಲೆಯನ್ನು ಹಿಡಿದರು. ಉತ್ತರದ ಉತೀಮು ದ್ವೀಪದ ಮುಹಮ್ಮದ್ ತಕುರುಫಾನು, ಅವರ ಸಹೋದರರು ಒಂದು ದೋಣಿಯಲ್ಲಿ ರಾತ್ರಿಯ ಹೊತ್ತು ದ್ವೀಪದಿಂದ ದ್ವೀಪಕ್ಕೆ ಹೋಗಿ ಹೋರಾಡಿ 1573ರಲ್ಲಿ ಅವರನ್ನು ಹೊರದಬ್ಬಿದರು. 1887ರಿಂದ ಬ್ರಿಟಿಷರ ರಕ್ಷಣೆಗೆ ಒಳಪಟ್ಟರೂ ಸುಲ್ತಾನರ ಆಡಳಿತ ಉಳಿಯಿತು. 1965ರ ಜುಲೈ 26ರಂದು ಸ್ವಾತಂತ್ರ್ಯ, 1968ರಲ್ಲಿ ಗಣರಾಜ್ಯ. 1988ರ ನವೆಂಬರ್‌ನಲ್ಲಿ ಬಾಡಿಗೆ ಬಂಟರು ಸರ್ಕಾರ ಉರುಳಿಸಲು ಯತ್ನಿಸಿದಾಗ ಭಾರತದ ಸೈನಿಕರು ವಿಮಾನದಲ್ಲಿ ಹೋಗಿ ಅದನ್ನು ತಡೆದರು.

ಉರ್ದು ಕಲಿಸುವ ನನಗೆ ಅವರ 'ತಾನ' ಲಿಪಿಯ ಮೇಲೆ ವಿಶೇಷ ಕುತೂಹಲ. ಭಾಷೆ ಸಿಂಹಳಕ್ಕೆ ಹತ್ತಿರದ್ದು, ಬರೆಯುವುದು ಉರ್ದುವಿನಂತೆ ಬಲದಿಂದ ಎಡಕ್ಕೆ. ಮೊದಲ ಒಂಬತ್ತು ಅಕ್ಷರಗಳು ಅರಬಿ ಅಂಕಿಗಳಾದ 1ರಿಂದ 9ರ ರೂಪಗಳು! ಸ್ವರಗಳಿಗೆ ನಮ್ಮ ಝಬರ್, ಝೇರ್, ಪೇಶ್‌ಗಳಂಥ ಗುರುತುಗಳು. ಉರ್ದುವಿನಲ್ಲಿ ನಾವು ಅವುಗಳನ್ನು ಬಿಟ್ಟು ಬರೆಯುತ್ತೇವೆ, ಮಕ್ಕಳು ಓದಲು ತಡವರಿಸುತ್ತಾರೆ, ತಾನದಲ್ಲಿ ಬಿಡುವಂತಿಲ್ಲ. ನಮ್ಮ ಲಕ್ಷದ್ವೀಪದ ಮಿನಿಕಾಯ್‌ನಲ್ಲಿಯೂ ಇದೇ ಭಾಷೆ, ಇದೇ ಲಿಪಿ. ಹಿಂದೆ ಮಕ್ಕಳು ಗುರುಗಳ ಮನೆಯಲ್ಲೇ ಖುರ್‌ಆನ್ ಹಾಗೂ ಅಕ್ಷರಗಳನ್ನು ಕಲಿಯುತ್ತಿದ್ದರು. ಸಾಕ್ಷರತೆಯಲ್ಲಿ ಈ ದೇಶ ದಕ್ಷಿಣ ಏಷ್ಯಾದ ಮುಂಚೂಣಿಯಲ್ಲಿದೆ.

ಕವಡೆಯ ಕಾಲ ಮುಗಿದ ಮೇಲೆ ಮೀನೇ ಆಧಾರವಾಯಿತು. ಕೇದರ ಮೀನನ್ನು ಬಲೆಯಿಂದಲ್ಲ, ಒಂದೊಂದಾಗಿ ಗಾಳದಿಂದ ಹಿಡಿಯುವುದು ಅವರ ರೂಢಿ. ಅದನ್ನು ಬೇಯಿಸಿ, ಹೊಗೆಗೆ ಹಿಡಿದು ಕಟ್ಟಿಗೆಯಂತೆ ಒಣಗಿಸಿ ಶ್ರೀಲಂಕೆಗೆ ಮಾರುತ್ತಿದ್ದರು. 1972ರಲ್ಲಿ ಮೊದಲ ಪ್ರವಾಸಿ ರೆಸಾರ್ಟ್ ಆರಂಭವಾಯಿತು. ಇಂದು ಆದಾಯದ ದೊಡ್ಡ ಪಾಲು ಪ್ರವಾಸೋದ್ಯಮದ್ದೇ. 2024ರಲ್ಲಿ 20 ಲಕ್ಷಕ್ಕೂ ಹೆಚ್ಚು ಜನ ಬಂದರು. ದೇಶದ ಜನಸಂಖ್ಯೆ 2022ರ ಗಣತಿಯಂತೆ 5.15 ಲಕ್ಷ. ಒಂದೇ ಬಾಗಿಲಿನಿಂದ ಬರುವ ಸಿರಿ ಆ ಬಾಗಿಲು ಮುಚ್ಚಿದರೆ ಏನಾಗುತ್ತದೆ ಎಂಬುದನ್ನು 2020ರ ಕೊರೋನಾ ವರ್ಷ ತೋರಿಸಿತು. ಅಕ್ಕಿ, ತರಕಾರಿ, ಸಿಮೆಂಟ್ ಎಲ್ಲವೂ ಇಂದಿಗೂ ಹಡಗಿನಲ್ಲೇ ಬರಬೇಕು.

ಸುತ್ತಲೂ ನೀರು, ಕುಡಿಯಲು ಇಲ್ಲ. ಮಾಲೆ ನಗರ ಸಮುದ್ರದ ನೀರಿನ ಉಪ್ಪು ತೆಗೆದು ಕುಡಿಯುತ್ತದೆ. 2014ರ ಡಿಸೆಂಬರ್‌ನಲ್ಲಿ ಆ ಘಟಕಕ್ಕೆ ಬೆಂಕಿ ಬಿದ್ದು ರಾಜಧಾನಿಯೇ ಬಾಯಾರಿದಾಗ ಭಾರತ ವಿಮಾನ, ಹಡಗುಗಳಲ್ಲಿ ನೀರು ಕಳುಹಿಸಿತು. 1987ರಲ್ಲಿ ದೊಡ್ಡ ಅಲೆಗಳು ಮಾಲೆಯನ್ನು ನುಗ್ಗಿದ್ದವು. ಅದೇ ವರ್ಷ ಅಧ್ಯಕ್ಷ ಗಯೂಮ್ ವಿಶ್ವಸಂಸ್ಥೆಯಲ್ಲಿ ನಿಂತು, ಸಮುದ್ರ ಏರಿದರೆ ತಮ್ಮ ದೇಶ ಉಳಿಯದೆಂದು ಹೇಳಿದರು. ಜಪಾನಿನ ನೆರವಿನಿಂದ ಕಟ್ಟಿದ ತಡೆಗೋಡೆ 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ರಾಜಧಾನಿಯನ್ನು ಕಾಪಾಡಿತು.

ಗೋಡೆಯಿಲ್ಲದ ದ್ವೀಪಗಳಿಗೆ ಆ ಭಾಗ್ಯವಿರಲಿಲ್ಲ. ರಾ ಅಟಾಲಿನ ಕಂದೊಳುದೂ ಎಂಬ ಪುಟ್ಟ ದ್ವೀಪದ ಮನೆಗಳೆಲ್ಲ ವಾಸಕ್ಕೆ ಬಾರದಂತಾದವು. ಸಾವಿರಾರು ಜನ ವರ್ಷಗಟ್ಟಲೆ ತಾತ್ಕಾಲಿಕ ಶೆಡ್ಡುಗಳಲ್ಲಿ ಕಳೆದರು. ಜನವಸತಿಯಿಲ್ಲದಿದ್ದ ದುವಾಫರು ದ್ವೀಪದಲ್ಲಿ ಅವರಿಗಾಗಿ ಮನೆ, ಶಾಲೆ, ಮಸೀದಿಗಳನ್ನು ಕಟ್ಟಲಾಯಿತು. ನಾಲ್ಕು ವರ್ಷಗಳ ನಂತರ ಊರಿಗೆ ಊರೇ ದೋಣಿ ಹತ್ತಿ ಅಲ್ಲಿಗೆ ಹೋಯಿತು. ಹಳೆಯ ದ್ವೀಪದಲ್ಲಿ ಈಗ ಪಾಳುಗೋಡೆಗಳಷ್ಟೇ ಇವೆ.