ಗಾಳ, ಬಲೆ, ಹೆಜ್ಜೆ: ಭೀಮೆಯ ಮೀನೊಂದರ ಚರಿತ್ರೆ

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ (ಸು. 1129) ಮತ್ಸ್ಯವಿನೋದವೆಂಬ ಪ್ರಕರಣವೊಂದಿದೆ. ಗಾಳ ಹಾಕುವುದು ಅಲ್ಲಿ ರಾಜವಿನೋದ. ಯಾವ ಮೀನಿಗೆ ಯಾವ ಎರೆ, ಯಾವ ಮೀನು ಎಂಥ ನೀರಿನದು ಎಂಬ ವಿವರಗಳು ಶಾಸ್ತ್ರದ ಗಾಂಭೀರ್ಯದಲ್ಲಿಯೇ ಬಂದಿವೆ. ಮತ್ಸ್ಯವಿಜ್ಞಾನಿ ಸುಂದರಲಾಲ್ ಹೋರಾ 1951ರಲ್ಲಿ ಇದನ್ನು ವಿಜ್ಞಾನಿಗಳ ಗಮನಕ್ಕೆ ತಂದರು. ಸೊಲ್ಲಾಪುರ, ಅಕ್ಕಲಕೋಟೆಗಳ ಸೀಮೆ ಆ ರಾಜ್ಯದ ಒಳನಾಡಾಗಿತ್ತು. ಭೀಮೆ ಅದರ ನದಿ. ಆದ್ದರಿಂದ ನಮ್ಮ ನದಿಗಳಲ್ಲಿ ವಿನೋದಕ್ಕಾಗಿ ಮೀನು ಹಿಡಿಯುವುದು ಇಂಗ್ಲಿಷರು ತಂದ ಹವ್ಯಾಸವೆಂಬ ರೂಢಿಯ ಮಾತನ್ನು ಮೊದಲಿಗೇ ಬದಿಗಿಡಬೇಕು. ಇಂಗ್ಲಿಷರು ತಂದದ್ದು ಬೇರೊಂದು: ನದಿಯ ಮೀನು ಕ್ಷೀಣಿಸುತ್ತಿದೆ, ಅದಕ್ಕೆ ಯಾರೋ ತಪ್ಪಿತಸ್ಥರು, ಅವರನ್ನು ಕಾನೂನಿನಿಂದ ತಡೆಯಬೇಕು ಎಂಬ ವಾದ.

ಈ ವಾದಕ್ಕೆ ಮೊದಲು ಮೀನಿಗೆ ಹೆಸರಿಡಬೇಕಾಗಿತ್ತು. ಮುಂಬಯಿ ಸರ್ಕಾರದ ಅಂಕಿಅಂಶ ಅಧಿಕಾರಿಯಾಗಿದ್ದ ಕರ್ನಲ್ ಡಬ್ಲ್ಯು.ಎಚ್. ಸೈಕ್ಸ್ ದಖ್ಖನಿನ ಮೀನುಗಳನ್ನು ಕುರಿತು 1839ರಲ್ಲಿ ಪ್ರಕಟಿಸಿದ ಬರಹದಲ್ಲಿ, ಪುಣೆಯ ಪೂರ್ವಕ್ಕೆ ಮುಳಾ-ಮುಠಾ ನದಿಯಲ್ಲಿ ದೊರೆತ ದೊಡ್ಡ ಹುರುಪೆಯ ಮೀನೊಂದನ್ನು ‘ಖುದ್ರೀ’ ಎಂದು ದಾಖಲಿಸಿದ. ಇಂದು ವಿಜ್ಞಾನದಲ್ಲಿ ಅದು ಟಾರ್ ಖುದ್ರೀ, ನೀಲಿ ರೆಕ್ಕೆಯ ಮಹಶೀರ್. ಮುಳಾ-ಮುಠಾ ಭೀಮೆಯ ಉಪನದಿ; ಎಂದರೆ ಈ ಮೀನಿನ ಶಾಸ್ತ್ರೀಯ ತವರು ನಮ್ಮ ಭೀಮಾ ಕಣಿವೆಯೇ. ಸೈಕ್ಸ್ ತಾನು ನಿಂತ ದಡದ ಮರಾಠಿ ಹೆಸರುಗಳನ್ನು ಲ್ಯಾಟಿನ್ನಿಗೆ ಏರಿಸಿದ. ಅದೇ ನೀರು ಕೆಳಗೆ ಅಕ್ಕಲಕೋಟೆ, ಇಂಡಿ, ಅಫಜಲಪುರಗಳ ನಡುವೆ ಹರಿಯುವಾಗ ಅಂಬಿಗರ ಬಾಯಲ್ಲಿ ಕನ್ನಡವಿತ್ತು. ಆ ಹೆಸರುಗಳು ಅವನ ಪಟ್ಟಿಗೆ ಬರಲಿಲ್ಲ.

ರಕ್ಷಣೆಯ ವಾದವನ್ನು ಗಟ್ಟಿಯಾಗಿ ಕಟ್ಟಿದವನು ದಕ್ಷಿಣ ಕನ್ನಡದ ಕಲೆಕ್ಟರ್ ಹೆನ್ರಿ ಸಲಿವನ್ ಥಾಮಸ್. ಆ ಜಿಲ್ಲೆಯ ಮತ್ಸ್ಯಕೃಷಿಯನ್ನು ಕುರಿತ ಅವನ ವರದಿ 1870ರದು. ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮಂಗಳೂರಿನಲ್ಲಿಯೇ ಪ್ರಕಟವಾಯಿತು. ಅದೇ 1873ರಲ್ಲಿ ಫ್ರಾನ್ಸಿಸ್ ಡೇ ಹಿಂದೂಸ್ಥಾನ ಮತ್ತು ಬರ್ಮಾದ ಸಿಹಿನೀರ ಮೀನುಗಾರಿಕೆಯ ವರದಿಯನ್ನು ಹೊರತಂದ. ಇಬ್ಬರ ದೂರೂ ಬಹುಮಟ್ಟಿಗೆ ಒಂದೇ: ಸಣ್ಣ ಕಣ್ಣಿನ ಬಲೆ, ಮರಿಗಳನ್ನು ಹಿಡಿಯುವ ಬುಟ್ಟಿ-ಕೂಣಿ, ನೀರಿಗೆ ನಂಜು. ಇದರಲ್ಲಿ ಸತ್ಯವಿಲ್ಲವೆನ್ನಲಾಗದು. ಆದರೆ ದೂರಿನ ಬೆರಳು ಯಾರತ್ತ ತೋರುತ್ತದೆಂಬುದನ್ನು ಗಮನಿಸಬೇಕು. ಹೊಟ್ಟೆಗಾಗಿ ಹಿಡಿಯುವವನು ನಾಶಕ, ವಿನೋದಕ್ಕಾಗಿ ಹಿಡಿಯುವವನು ರಕ್ಷಕ ಎಂಬ ವಿಭಜನೆ ಇಲ್ಲಿಂದ ಬಲಗೊಂಡಿತು.

1897ರ ಭಾರತೀಯ ಮೀನುಗಾರಿಕೆ ಕಾಯಿದೆ ಈ ಚರ್ಚೆಯ ಫಲ. ತೋಟೆ ಸಿಡಿಸಿ ಮೀನು ಕೊಂದರೆ ಎರಡು ತಿಂಗಳವರೆಗಿನ ಸೆರೆ ಅಥವಾ 200 ರೂಪಾಯಿವರೆಗಿನ ದಂಡ. ನಂಜು ಹಾಕಿದರೂ ಶಿಕ್ಷೆ. ಬಲೆಯ ಕಣ್ಣು, ಅಡ್ಡಗಟ್ಟೆ, ನೆಟ್ಟ ಬಲೆಗಳ ಬಗ್ಗೆ ನಿಯಮ ಮಾಡುವ ಅಧಿಕಾರ ಪ್ರಾಂತ ಸರ್ಕಾರಗಳಿಗೆ ಬಂತು. ನಿರ್ದಿಷ್ಟ ನೀರಿನಲ್ಲಿ ಎರಡು ವರ್ಷ ಮೀರದಂತೆ ಮೀನುಗಾರಿಕೆಯನ್ನೇ ನಿಲ್ಲಿಸಬಹುದಿತ್ತು. ಕಾಯಿದೆಯ ಕಣ್ಣು ಉಪಕರಣದ ಮೇಲೆ. ಮೊಟ್ಟೆ ಬೀಳುವ ನೆಲ ಅದರಲ್ಲಿ ಹೆಸರು ಪಡೆಯಲಿಲ್ಲ.

ನೆಲವನ್ನು ಕಾದದ್ದು ಬೇರೆ ವ್ಯವಸ್ಥೆ. ಶೃಂಗೇರಿಯ ತುಂಗೆಯ ಘಟ್ಟ, ತೀರ್ಥಹಳ್ಳಿ ಬಳಿಯ ಚಿಪ್ಪಲಗುಡ್ಡೆಯ ಮತ್ಸ್ಯಧಾಮ, ಬೆಳ್ತಂಗಡಿ ತಾಲ್ಲೂಕಿನ ಶಿಶಿಲದ ಮತ್ಸ್ಯತೀರ್ಥ ಇವುಗಳಲ್ಲಿ ನಿಷೇಧ ಬಲೆಗಷ್ಟೇ ಅಲ್ಲ, ಗಾಳಕ್ಕೂ ಅನ್ವಯಿಸುತ್ತದೆ. 1996ರಲ್ಲಿ ಶಿಶಿಲದಲ್ಲಿ ನದಿಗೆ ನಂಜು ಬಿದ್ದು ಸಾವಿರಾರು ಮೀನುಗಳು ಸತ್ತಾಗ ಊರವರು ಅವಕ್ಕೊಂದು ಸ್ಮಾರಕ ಕಟ್ಟಿದರು. ದೇವರ ಮೀನೆಂಬ ನಂಬಿಕೆಯನ್ನು ಇಂದಿನ ಪರಿಸರವಾದಕ್ಕೆ ಸಮೀಕರಿಸುವುದು ಅವಸರದ ಮಾತು; ಘಟ್ಟದ ಮಡುವಿನಲ್ಲಿ ಬದುಕಿದ ಮೀನು ಮೊಟ್ಟೆಗೆ ಹೋಗುವುದು ಮೇಲಿನ ಸಣ್ಣ ಹೊಳೆಗಳಿಗೆ, ಅಲ್ಲಿ ದೇವಸ್ಥಾನದ ಆಣೆ ನಡೆಯದು.

ಗಾಳಗಾರನ ಕಾಲ ಕೆಳಗೆ ಏನಾಗುತ್ತದೆಂಬ ಪ್ರಶ್ನೆಯನ್ನು ಅಳೆದು ನೋಡಿದ್ದು ತೀರ ಈಚೆಗೆ. ಅಮೆರಿಕದ ಮೊಂಟಾನಾದಲ್ಲಿ ನಡೆದು 1992ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಟ್ರೌಟ್ ಮೀನು ಮೊಟ್ಟೆ ಹುದುಗಿಸಿದ ಜಲ್ಲಿಯ ಮೇಲೆ ದಿನಕ್ಕೆರಡು ಬಾರಿ ನಡೆದಾಗ ಮೊಟ್ಟೆ-ಮರಿಗಳಲ್ಲಿ ಕನಿಷ್ಠ ಶೇ. 83 ಸತ್ತವು, ಒಡೆಯುವ ಮುನ್ನ ಒಮ್ಮೆ ನಡೆದದ್ದಕ್ಕೇ ಶೇ. 43ರವರೆಗೆ ನಾಶ. ಇದನ್ನು ನಮ್ಮ ನದಿಗೆ ಹಾಗೆಯೇ ತರಲಾಗದು. ಮಹಶೀರ್ ಮೊಟ್ಟೆಯಿಡುವುದು ಮಳೆಗಾಲದ ನೆರೆಯಲ್ಲಿ. ಕಾವೇರಿಯ ಗಾಳದ ಹಂಗಾಮು ಬೇಸಿಗೆಯದು. ನಮ್ಮಲ್ಲಿ ಜಲ್ಲಿ-ಮರಳಿನ ಮೇಲೆ ನಡೆಯುವ ಭಾರದ ಹೆಜ್ಜೆ ಗಾಳಗಾರನದಲ್ಲ, ಮರಳು ತುಂಬುವ ಟ್ರ್ಯಾಕ್ಟರಿನದು.

ಕಾವೇರಿಯ ಕಥೆಯಲ್ಲಿ ಭೀಮೆಯ ಮೀನು ಮತ್ತೆ ಕಾಣಿಸಿಕೊಳ್ಳುತ್ತದೆ. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಕಬಿನಿಯಲ್ಲಿ ಹಿಡಿದ 120 ಪೌಂಡಿನ ಮಹಶೀರ್‌ನಿಂದ ಆ ನದಿಯ ಕೀರ್ತಿ ಹೊರದೇಶಕ್ಕೂ ಹಬ್ಬಿತ್ತು. 1972ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ದಕ್ಷಿಣ ಭಾರತ ವನ್ಯಜೀವಿ ಸಂಘ ನದಿಯ ಭಾಗವನ್ನು ಗುತ್ತಿಗೆ ಪಡೆದು ಕಾವಲಿಟ್ಟು ತೋಟೆಯ ಹಾವಳಿ ತಡೆಯಿತು. ಹಿಡಿದ ಮೀನನ್ನು ಮರಳಿ ಬಿಡುವುದು ರೂಢಿಯಾಯಿತು. ಇದು ಸಣ್ಣ ಸಾಧನೆಯಲ್ಲ. ಆದರೆ ಅದೇ ದಶಕದಿಂದ, ಮಹಶೀರ್ ಹೆಚ್ಚಲೆಂಬ ಸದುದ್ದೇಶದಿಂದ, ಟಾಟಾ ಸಂಸ್ಥೆಯ ಲೋಣಾವಳದ ಮರಿಕೇಂದ್ರದಲ್ಲಿ ಬೆಳೆದ ಖುದ್ರೀ ಮರಿಗಳು ಕಾವೇರಿಗೂ ಬಂದವು. ಗಾಲಿಬೋರೆ ಶಿಬಿರದಲ್ಲಿ ಗಾಳಗಾರರೇ 1998ರಿಂದ 2012ರವರೆಗೆ ಬರೆದಿಟ್ಟ ದಿನಚರಿಗಳನ್ನು ಸಂಶೋಧಕರು ಪರಿಶೀಲಿಸಿದಾಗ ಕಂಡದ್ದು: ನೀಲಿ ರೆಕ್ಕೆಯದು ಏರಿದೆ, ಕಾವೇರಿಯದೇ ಆದ ಗೂನುಬೆನ್ನಿನ ಮಹಶೀರ್ ಕುಸಿದಿದೆ. ಆ ಗೂನುಬೆನ್ನಿನ ಮೀನಿಗೆ ಟಾರ್ ರೆಮಾದೇವಿಯೈ ಎಂಬ ಶಾಸ್ತ್ರೀಯ ಹೆಸರು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅದು ತೀವ್ರ ಅಳಿವಿನಂಚಿನ ಪಟ್ಟಿಗೂ ಸೇರಿತು. ಹಾನಿಯ ಸಾಕ್ಷಿ ಗಾಳಗಾರರ ಪುಸ್ತಕದಲ್ಲಿಯೇ ಇತ್ತೆಂಬುದು ಅವರ ಪರವಾಗಿ ಹೇಳಬೇಕಾದ ಮಾತು. ಅಭಯಾರಣ್ಯದ ಕಾನೂನಿನಿಂದ ಶಿಬಿರಗಳು ಮುಚ್ಚಿದ ಮೇಲೆ ಆ ಪುಸ್ತಕವೂ ನಿಂತಿತು.

ಇತ್ತ ಖುದ್ರೀಯ ತವರಿನಲ್ಲಿ ಭೀಮೆಯ ನಡಿಗೆಯೇ ಬದಲಾಗಿದೆ. 1980ರಲ್ಲಿ ಉಜನಿ ಅಣೆಕಟ್ಟು ಪೂರ್ಣಗೊಂಡಿತು. ಜಲಾಶಯದಲ್ಲಿ ತಿಲಾಪಿಯ ಹಬ್ಬಿತು. ಅಕ್ಕಲಕೋಟ ರಸ್ತೆಯ ಎಂಐಡಿಸಿಯ ಚಾದರು, ಟವೆಲಿನ ಮಗ್ಗಗಳಿರುವ ಸೊಲ್ಲಾಪುರದ ಕುಡಿಯುವ ನೀರಿಗಾಗಿ ಆಗಾಗ ನದಿಗೆ ನೀರು ಬಿಡುತ್ತಾರೆ. ಔರಾದ, ಚಿಂಚಪುರ, ಹಿಳ್ಳಿಯ ಬಂಧಾರಗಳಲ್ಲಿ ಅದು ನಿಲ್ಲುತ್ತದೆ. ನೀರು ಬಿಟ್ಟಾಗ ಮುಳುಗಿ, ನಿಲ್ಲಿಸಿದಾಗ ಒಣಗುವ ಜಲ್ಲಿದಿಬ್ಬದಲ್ಲಿ ಮೊಟ್ಟೆಗೆ ಉಳಿಗಾಲವಿಲ್ಲ. ಮೇಲಾಗಿ ಇಲ್ಲಿ ನದಿಯೇ ಗಡಿ: ಎಡದಂಡೆಗೆ ಮಹಾರಾಷ್ಟ್ರದ 1960ರ ಮೀನುಗಾರಿಕೆ ಕಾಯಿದೆ, ಬಲದಂಡೆಗೆ ಕರ್ನಾಟಕದ 1996ರ ಒಳನಾಡು ಮೀನುಗಾರಿಕೆ ಕಾಯಿದೆ. ಮೀನು ಒಂದೇ, ಅಂಬಿಗರ ಮಾತು ಎರಡೂ ದಡದಲ್ಲಿ ಬಹುಮಟ್ಟಿಗೆ ಕನ್ನಡವೇ.

ಈ ಪಟ್ಟಿಯಲ್ಲಿ ನದಿಯ ಯಾವ ತಿರುವಿನಲ್ಲಿ ಯಾವ ಮೀನು ಮುಂಗಾರಿನ ಮೊದಲ ಕೆಂಪುನೀರಿಗೆ ಏರುತ್ತಿತ್ತೆಂಬುದನ್ನು ಬಲ್ಲವರು ಬಲೆ ಬೀಸಿದ ಹಿರಿಯರೇ. ಸೀನಾ-ಭೀಮೆಯರ ಹತ್ತರಸಂಗ ಕೂಡಲದಿಂದ ಕೆಳಗೆ, ಎರಡೂ ದಡದಲ್ಲಿ, ಅವರು ಹೇಳುವ ಮಡು, ಮೀನುಗಳ ಹೆಸರುಗಳನ್ನು ಕನ್ನಡದಲ್ಲಿ ಬರೆದುಕೊಂಡು ನಕಾಶೆಯ ಮೇಲೆ ಗುರುತಿಸುವ ಕೆಲಸ ಭಾಷಾಸಂಶೋಧಕರಿಂದ ಆಗತಕ್ಕದ್ದು. ಕಾಯಿದೆ ತಿದ್ದುವವರಿಗೂ ಬೇಕಾಗುವ ನಕಾಶೆ ಅದೇ.