ದುರ್ಗದ ವಕೀಲರು ಮತ್ತು ತಾಳವಾಡಿಯ ಗಡಿ

ಎಸ್. ನಿಜಲಿಂಗಪ್ಪನವರು 1902ರಲ್ಲಿ ಹುಟ್ಟಿದ ಹಲುವಾಗಲು ಅಂದು ಮದ್ರಾಸ್ ಆಧಿಪತ್ಯದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಅವರು ಕಾನೂನು ಕಲಿತದ್ದು ಮುಂಬಯಿ ಆಧಿಪತ್ಯದ ಪುಣೆಯಲ್ಲಿ. ವಕೀಲಿ ನಡೆಸಿದ್ದು ಮೈಸೂರು ಸಂಸ್ಥಾನದ ಚಿತ್ರದುರ್ಗದಲ್ಲಿ. ಕನ್ನಡ ನಾಡು ಹರಿದು ಹಂಚಿಹೋಗಿದ್ದುದು ಅವರ ಬದುಕಿನಲ್ಲಿಯೇ ಕಾಣುತ್ತದೆ.

1939ರಲ್ಲಿ ತುರುವನೂರಿನ ಈಚಲು ಮರ ಕಡಿಯುವ ಸತ್ಯಾಗ್ರಹಕ್ಕೆ ಮುಂದಾಳಾಗಿ ಸೆರೆಮನೆ ಸೇರಿದರು. ವಕೀಲಿಯ ಸನ್ನದು ರದ್ದಾಯಿತು. ಮುಂದೆ ಸಂವಿಧಾನ ಸಭೆಯ ಸದಸ್ಯರಾದರು. 1952ರಲ್ಲಿ ಚಿತ್ರದುರ್ಗದಿಂದ ಮೊದಲ ಲೋಕಸಭೆಗೆ ಆಯ್ಕೆಯಾದರು. 1956ರ ನವೆಂಬರ್ 1ರಂದು ಏಕೀಕೃತ ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿಯಾದರು.

ಅದೇ ದಿನ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು ಮೈಸೂರಿಗೆ ಸೇರಿತು. ಆ ತಾಲ್ಲೂಕಿನ ಹೊರಗಿದ್ದ ತಾಳವಾಡಿ ಮದ್ರಾಸಿನಲ್ಲಿಯೇ ಉಳಿಯಿತು. ಘಟ್ಟದ ಮೇಲಿನ ಈ ಸೀಮೆಗೆ ಚಾಮರಾಜನಗರ ಹತ್ತಿರದ ಪೇಟೆ. ತನ್ನದೇ ಜಿಲ್ಲೆಯ ಬಯಲನ್ನು ಮುಟ್ಟಲು ಮಾತ್ರ ದಿಂಬಂ ಘಾಟಿಯ 27 ಕಡಿದಾದ ತಿರುವುಗಳನ್ನು ಇಳಿಯಬೇಕು.

ನಿಜಲಿಂಗಪ್ಪನವರು ಮತ್ತೆ ಮುಖ್ಯಮಂತ್ರಿಯಾಗಿದ್ದಾಗ, 1966ರಲ್ಲಿ, ಮಹಾಜನ ಆಯೋಗ ನೇಮಕವಾಯಿತು. ಅದು ಪರಿಶೀಲಿಸಿದ್ದು ಮಹಾರಾಷ್ಟ್ರ ಮತ್ತು ಕೇರಳದೊಡನೆ ಇದ್ದ ಗಡಿತಂಟೆಗಳನ್ನು. ತಾಳವಾಡಿಯ ಪ್ರಶ್ನೆ ಅದರ ಮುಂದೆ ಬರಲಿಲ್ಲ.

ಗಡಿಯಾಚೆ ಉಳಿದವರಿಗೆ ಅದೇ 1956ರ ಸಂವಿಧಾನದ 7ನೆಯ ತಿದ್ದುಪಡಿ 350ಎ ವಿಧಿಯನ್ನು ಒದಗಿಸಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣ ದೊರಕಿಸಲು ಪ್ರತಿ ರಾಜ್ಯವೂ ಪ್ರಯತ್ನಿಸಬೇಕೆಂದು ಆ ವಿಧಿ ಹೇಳುತ್ತದೆ. ಏಕೀಕರಣ ತಲುಪದ ತಾಳವಾಡಿಯಲ್ಲಿ ಕನ್ನಡದ ಅಳಿವು ಉಳಿವು ನಿಂತಿರುವುದು, ಆ ‘ಪ್ರಯತ್ನ’ವನ್ನು ಕನ್ನಡ ಶಾಲೆಗಳಲ್ಲಿ ಎಷ್ಟು ಪ್ರಾಮಾಣಿಕವಾಗಿ ನಡೆಸಲಾಗುತ್ತದೆ ಎಂಬುದರ ಮೇಲೆ.